582101: ಗದಗದ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲೋ?

ಪ್ರಶ್ನೆ (ಗದಗ): ಸರ್, ನಮ್ಮೂರ ಪಿನ್ ಕೋಡ್ 582101 ಅವಿಭಾಜ್ಯ ಏನ್ರಿ? 2, 3, 5, 7, 11 ಹಚ್ಚಿ ನೋಡೇವಿ, ಶೇಷ ಉಳೀತದ. ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷಾದಾಗ ಎಲ್ಲೀತನಕ ಭಾಗಿಸ್ಕೋಂತ ಹೋಗಬೇಕು? ಅರ್ಧದ ತನಕ ಅಂತಾರ ಕೆಲವ್ರು.

ಉತ್ತರ (ಗಣಿತ ಉಪನ್ಯಾಸಕರು, ಧಾರವಾಡ): ಅವಿಭಾಜ್ಯ ಅಲ್ಲರಿ, ಮುಂದಿನ 13 ರಿಂದಲೇ ಭಾಗ ಹೋಗುತ್ತದೆ. 7, 11, 13 ಮೂರನ್ನೂ ಒಟ್ಟಿಗೇ ನೋಡಬಹುದು. ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ ಕಳೆಯಿರಿ: 582 − 101 = 481. ಇದು 13 × 37. ಈ 481 ನ್ನು 7 ರಿಂದ ಭಾಗಿಸಿದರೆ ಶೇಷ 5, 11 ರಿಂದ 8. 7 × 11 × 13 = 1001 ಆಗಿರುವುದೇ ಇದರ ಗುಟ್ಟು: 582101 ಅಂದರೆ 582 × 1001 − 481. ಹಾಗಾಗಿ 582101 = 13 × 44777.

ಅರ್ಧದ ತನಕ ಹೋಗುವುದು ಬರೀ ದಂಡ, ವರ್ಗಮೂಲದ ತನಕ ಸಾಕು. 582101 ರ ವರ್ಗಮೂಲ 762 ಚಿಲ್ಲರೆ. ಅಲ್ಲಿಯವರೆಗೆ 135 ಅವಿಭಾಜ್ಯಗಳಿವೆ. ಆದರೆ 13 ಸಿಕ್ಕ ಕೂಡಲೇ ಮಿತಿಯನ್ನೂ ಇಳಿಸಬೇಕು. 44777 ರ ವರ್ಗಮೂಲ 211 ಚಿಲ್ಲರೆ, ಅಲ್ಲಿಗೆ 47 ಅವಿಭಾಜ್ಯಗಳು. ಮೊದಲ ಐದು ಆಗಲೇ ಮುಗಿದಿವೆ, ಉಳಿದದ್ದು 42. ಹಳೇ ಮಿತಿಯನ್ನೇ ಹಿಡಿದು ಕೂತವರ ವೇಳೆ ಇಲ್ಲೇ ಹಾಳಾಗುತ್ತದೆ. ಇನ್ನೊಂದು, 13 ನ್ನು ಮತ್ತೊಮ್ಮೆ ಹಚ್ಚಿ ನೋಡುವುದನ್ನು ಬಿಡಬೇಡಿ. 13 ರ ವರ್ಗವೂ ಒಳಗಿರಬಹುದಿತ್ತು. ಇಲ್ಲಿ ಶೇಷ 5, ಇಲ್ಲ. 211 ರ ತನಕ ಯಾವುದೂ ಹೋಗುವುದಿಲ್ಲ, 44777 ಅವಿಭಾಜ್ಯ. ಭಾಜಕಗಳು ನಾಲ್ಕೇ: 1, 13, 44777, 582101.

ಪ್ರಶ್ನೆ (ಹಾವೇರಿ): 481 ರಾಗ 37 ಐತಲ್ರಿ, ಹಂಗಾದ್ರ 582101 ಕ್ಕೂ 37 ಹೋಗಬೇಕಲ್ಲ?

ಉತ್ತರ: ಇಲ್ಲ. 1001 ರಲ್ಲಿ 37 ಇಲ್ಲ, ಆದ್ದರಿಂದ ಆ ಕಳೆಯುವ ಲೆಕ್ಕ 37 ಕ್ಕೆ ನಡೆಯುವುದಿಲ್ಲ. 37 ಇರುವುದು 999 ರಲ್ಲಿ (27 × 37). ಅದಕ್ಕೆ ಗುಂಪುಗಳನ್ನು ಕೂಡಿಸಬೇಕು: 582 + 101 = 683, ಶೇಷ 17.

ಪ್ರಶ್ನೆ (ಹುಬ್ಬಳ್ಳಿ): ಈ ಸಂಖ್ಯೇದಾಗ ಮತ್ತೇನರ ವಿಶೇಷ ಐತೇನ್ರಿ?

ಉತ್ತರ: ಐತ್ರಿ, ನನಗಂತೂ ಇದೇ ಹೆಚ್ಚು ರುಚಿ. 13 ಮತ್ತು 44777 ಎರಡನ್ನೂ 4 ರಿಂದ ಭಾಗಿಸಿದರೆ ಶೇಷ 1. ಅಂಥ ಅವಿಭಾಜ್ಯ ಯಾವಾಗಲೂ ಎರಡು ವರ್ಗಗಳ ಮೊತ್ತ: 13 = 3² + 2², 44777 = 211² + 16². ಬ್ರಹ್ಮಗುಪ್ತನ ಹೆಸರಿನ ನಿತ್ಯಸಮೀಕರಣದಿಂದ ಇವೆರಡನ್ನು ಗುಣಿಸಿದರೆ 582101 ಎರಡು ರೀತಿ ಒಡೆಯುತ್ತದೆ:

3×211 + 2×16 = 665, 2×211 − 3×16 = 374; ಆದ್ದರಿಂದ 665² + 374².
3×211 − 2×16 = 601, 2×211 + 3×16 = 470; ಆದ್ದರಿಂದ 601² + 470².

ಕೂಡು-ಕಳೆ ಚಿಹ್ನೆ ಎರಡೂ ಸಾಲಿನಲ್ಲಿ ಅದಲುಬದಲು ಆಗಬೇಕು. ಒಂದನ್ನಷ್ಟೇ ಬದಲಿಸಿದರೆ ಮೊತ್ತ ತಪ್ಪುತ್ತದೆ.

ಹಾವೇರಿಯವರ 581110 ಹೀಗೆ ಒಡೆಯುವುದಿಲ್ಲ. ಸಮಸಂಖ್ಯೆ ಎರಡು ವರ್ಗಗಳ ಮೊತ್ತವಾಗಿದ್ದರೆ ಅದರ ಅರ್ಧವೂ ಆಗಿರಲೇಬೇಕು. ಅರ್ಧ 290555, 4 ರಿಂದ ಭಾಗಿಸಿದರೆ ಶೇಷ 3. ವರ್ಗಸಂಖ್ಯೆಯ ಶೇಷ 0 ಇಲ್ಲವೇ 1 ಮಾತ್ರ, ಅಂಥ ಎರಡನ್ನು ಕೂಡಿಸಿ 3 ಬರುವುದಿಲ್ಲ.