ಸಹಾಯ ಬೇಕು: ಹಳೆಯ ಎಂಜಿಬಿ ಕಾರಿನ ಇಗ್ನಿಷನ್ ದೀಪಕ್ಕೆ ಯಾವ ಬಲ್ಬ್?

ನಮಸ್ಕಾರ, ನಾನು ಬಳ್ಳಾರಿಯವನು. ಅಪ್ಪ ಉಳಿಸಿಕೊಂಡು ಬಂದಿರುವ 1972ರ ಎಂಜಿಬಿ ಮನೆಯಲ್ಲಿದೆ. ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪ (ಬ್ಯಾಟರಿ ಚಾರ್ಜ್ ಆಗದಿದ್ದರೆ ಉರಿಯುವುದು) ಹೋಗಿತ್ತು. ಹಳೆಯದು 12 ವೋಲ್ಟ್, 2.2 ವ್ಯಾಟ್‌ನ ಸಣ್ಣ ತಿರುಪು ಬಲ್ಬ್. ರಾಯಲ್ ಸರ್ಕಲ್, ಕೌಲ್ ಬಜಾರ್ ಎಲ್ಲ ಸುತ್ತಿದೆ. ಎಲ್ಲರೂ ಕೊಡುವುದು ಈಗಿನ ಗಾಡಿಗಳ ಒತ್ತಿ ಕೂರಿಸುವ ಬಲ್ಬೇ.

ಕೊನೆಗೆ ಅದೇ ತಿರುಪಿನ ಎಲ್ಇಡಿ ತರಿಸಿ ಹಾಕಿದೆ. ಚೆನ್ನಾಗಿ ಉರಿಯಿತು. ಆದರೆ ಅವತ್ತಿನಿಂದ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ! ಹೊಸಪೇಟೆಗೆ ಹೋಗಿ ಬರುವಾಗ ದಾರಿಯಲ್ಲೇ ನಿಂತುಬಿಟ್ಟಿತು, ಆ ಬಿಸಿಲಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ತುಂಬ ಕಷ್ಟವಾಯಿತು. ಬೆಲ್ಟ್, ಅರ್ತಿಂಗ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಿಂದಿನ ಪ್ಲಗ್ ಎಲ್ಲ ನೋಡಿದೆ, ಸರಿಯಾಗಿವೆ. ಮೆಕ್ಯಾನಿಕ್ ಆಲ್ಟರ್ನೇಟರನ್ನೇ ಬದಲಿಸಿ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಈ ಲ್ಯೂಕಸ್ ಕಂಪನಿಯ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುಮಾಡುವುದೇ ಆ ಬಲ್ಬಿನ ಮೂಲಕ ಹೋಗುವ ಕರೆಂಟಿನಿಂದ ಅಲ್ವಾ? ಎಲ್ಇಡಿ ಅಷ್ಟು ಕರೆಂಟ್ ಬಿಡುವುದಿಲ್ಲ.

ಲೆಕ್ಕ ಹಾಕಿದರೆ ಹಳೆಯ ಬಲ್ಬ್ ಉರಿಯುವಾಗ ಸುಮಾರು 65 ಓಮ್. ಹಾಗಾಗಿ ಎಲ್ಇಡಿಗೆ ಅಡ್ಡಲಾಗಿ (ಪ್ಯಾರಲಲ್ ಆಗಿ) 68 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿದರೆ ಸಾಕಾ? ಡ್ಯಾಶ್ ಹಿಂದೆ ಜಾಸ್ತಿ ಬಿಸಿಯಾಗಿ ವೈರಿಗೆ ತೊಂದರೆ ಆಗುತ್ತಾ? ಇಲ್ಲವೇ 2.2 ವ್ಯಾಟ್ ತಿರುಪು ಬಲ್ಬ್ ರಾಯಚೂರು, ಕೊಪ್ಪಳ ಕಡೆ ಎಲ್ಲಾದರೂ ಸಿಗುತ್ತಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.