ಅಪ್ಪ ಹೋದ ಮೇಲೆ ಅಮ್ಮ, ತೋಟ, ಅಣ್ಣ ತಮ್ಮ: ಕೊಡಗಿನವರ ಅನುಭವ

ಕೇಳಿದವರು, ಗೋಣಿಕೊಪ್ಪದಿಂದ

ಈ ಕಕ್ಕಡ ತಿಂಗಳ ಮಳೆಯಲ್ಲಿ ಅಪ್ಪ ತೀರಿಕೊಂಡರು. 84 ವರ್ಷ ಆಗಿತ್ತು. ಮಿಲಿಟರಿಯಿಂದ ಬಂದ ಮೇಲೆ ಕೊನೆಯವರೆಗೂ ಕಾಫಿ ತೋಟ ಅವರೇ ನೋಡಿಕೊಂಡರು. ಸಾವಿನ ನಂತರದ ಕಾರ್ಯ, ಮಾದ, ಮುಗಿದಿದೆ. ಅಮ್ಮನಿಗೆ 77, ಕಾಲು ಸ್ವಲ್ಪ ನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಕೊಯ್ಲಿಗೆ ಮೊದಲೇ ತೋಟ ಗುತ್ತಿಗೆಗೆ ಕೊಟ್ಟುಬಿಡೋಣ ಅನ್ನುತ್ತಾನೆ. ತಮ್ಮ ಮನೆಯಲ್ಲೇ ಇದ್ದಾನೆ, ಮದುವೆಯಾಗಿಲ್ಲ. ಯಾವ ಮಾತಿಗೂ ಉತ್ತರ ಕೊಡುವುದಿಲ್ಲ, ಸಂಜೆಯಾದರೆ ಕುಡಿಯುತ್ತಾನೆ. ನಾನು ಮದುವೆಯಾಗಿ ಹೊರಗೆ ಬಂದವಳು, ಬಾಯಿ ತೆರೆದರೆ ಆಸ್ತಿಗಾಗಿ ಅಂತಾರೆ. ಅಮ್ಮನನ್ನು ಕಳಿಸೋದು ಸರಿಯಾ? ಪಾಲಿನ ಮಾತು ಯಾವಾಗ ಎತ್ತಬೇಕು? ನಿಮ್ಮ ಮನೆಗಳಲ್ಲಿ ಏನಾಯಿತು ಅಂತ ಹೇಳಿದರೆ ಉಪಕಾರ.

ಸಿದ್ದಾಪುರ ಕಡೆಯಿಂದ ಒಬ್ಬರು

ನಿಮ್ಮ ಅಣ್ಣ ಹೇಳುವುದನ್ನೇ ನಮ್ಮ ಅಣ್ಣನೂ ಹೇಳಿದ್ದ. ಅದನ್ನು ದುರಾಸೆ ಅಂತ ತಿಳಿಯಬೇಡಿ. ದೂರ ಇರುವವರಿಗೆ ರಜೆ ಮುಗಿಯುವುದರೊಳಗೆ ಎಲ್ಲಾ ಒಂದು ದಡ ಸೇರಿಸಿ ಹೋಗಬೇಕು ಅನ್ನಿಸುತ್ತದೆ. ಹತ್ತಿರ ಇರುವವರಿಗೆ ಅಪ್ಪನ ಚಪ್ಪಲಿಯನ್ನೂ ಯಾರೂ ಸರಿಸಬಾರದು ಅನ್ನಿಸುತ್ತದೆ. ಅರ್ಧ ಜಗಳ ಹುಟ್ಟುವುದು ಇಲ್ಲೇ.

ಇನ್ನರ್ಧ ಹಳೆಯದು. ಅಪ್ಪ ಇರುವ ತನಕ ಮಕ್ಕಳ ದೂರೆಲ್ಲ ಅಪ್ಪನ ಮೇಲೆ. ಅವನ ಓದಿಗೆ ಜಾಸ್ತಿ ಖರ್ಚು ಮಾಡಿದರು, ನನ್ನನ್ನು ಕೇಳದೆ ಮರ ಮಾರಿದರು, ಅವಳಿಗೆ ಹೆಚ್ಚು ಒಡವೆ ಹಾಕಿದರು. ಅಪ್ಪ ಒಂದೆರಡು ಬೈದು ಸುಮ್ಮನಾಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅವರು ಹೋದ ಮೇಲೆ ಅದೇ ದೂರು ನೇರವಾಗಿ ಅಣ್ಣನಿಂದ ತಮ್ಮನಿಗೆ ಹೋಗುತ್ತದೆ. ಹಾಗಾಗಿ ಈಗ ಯಾರೇ ಏನು ಅಂದರೂ, ಈ ಮಾತು ನನಗಾ ಅಥವಾ ಅಪ್ಪನಿಗಾ ಅಂತ ಒಂದು ಸಲ ಯೋಚನೆ ಮಾಡಿ. ನಮ್ಮ ಮನೆಯಲ್ಲಿ ಬಹಳಷ್ಟು ಮಾತು ಅಪ್ಪನಿಗೆ ಹೇಳಬೇಕಾಗಿದ್ದದ್ದೇ.

ತೋಟದ ವಿಷಯಕ್ಕೆ ಬಂದರೆ, ಒಂದು ಕೊಯ್ಲು ಮುಗಿಯುವ ತನಕ ಏನೂ ಮಾಡಬೇಡಿ. ಇದು ಭಾವನೆಯ ಮಾತಲ್ಲ, ಲೆಕ್ಕದ ಮಾತು. ಈಗ ಗಿಡದಲ್ಲಿ ಇರುವುದು ಹಸಿರು ಕಾಯಿ. ಮಳೆಗೆ ಎಷ್ಟು ಉದುರುತ್ತದೆ, ಎಷ್ಟು ಕೊಳೆಯುತ್ತದೆ ಯಾರಿಗೂ ಗೊತ್ತಿಲ್ಲ. ಗುತ್ತಿಗೆಗೆ ಬರುವವನು ಆ ನಷ್ಟವನ್ನೆಲ್ಲ ಮೊದಲೇ ಕಳೆದು ರೇಟು ಹೇಳುತ್ತಾನೆ, ಸಾವಿನ ಮನೆ ಅಂತ ಗೊತ್ತಿದ್ದರೆ ಇನ್ನೂ ಕೆಳಗೆ ಹೇಳುತ್ತಾನೆ. ರೊಬಸ್ಟಾ ಕೊಯ್ಲು ಜನವರಿಗೆ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಕರಿಮೆಣಸೂ ಅದರ ಜೊತೆಗೇ ಬರುತ್ತದೆ. ಆಮೇಲೆ ಕಾಫಿ ಹೂ ಬಿಡಲು ಬೇಕಾದ ಹೂ ಮಳೆ ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್ ಓಡಿಸಬೇಕು. ಇಷ್ಟನ್ನು ಒಂದು ಸಲ ಮೂವರೂ ಸೇರಿ ನಡೆಸಿದರೆ ತೋಟ ಎಷ್ಟು ತಿನ್ನುತ್ತದೆ, ಎಷ್ಟು ಕೊಡುತ್ತದೆ ಅಂತ ಮೂವರಿಗೂ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಇರುವವನಿಗೆ ಕಾಫಿ ರೇಟು ಮಾತ್ರ ಗೊತ್ತಿರುತ್ತದೆ, ಆಳಿನ ಖರ್ಚು ಗೊತ್ತಿರುವುದಿಲ್ಲ. ಆಮೇಲೆ ಗುತ್ತಿಗೆ ಕೊಡಿ, ಪಾಲು ಮಾಡಿ, ನಿಮ್ಮಿಷ್ಟ.

ಅಪ್ಪನ ಡೈರಿಗಳಿದ್ದರೆ ಈಗಲೇ ಎತ್ತಿಡಿ. ನಮ್ಮ ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ರೈನ್ ಗೇಜ್ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಮಳೆ ಬರೆಯುತ್ತಿದ್ದರು. ಅದೇ ಪುಟದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: ಯಾರಿಗೆ ಎಷ್ಟು ಮುಂಗಡ, ಯಾವ ಬ್ಲಾಕಿಗೆ ಯಾವಾಗ ಸುಣ್ಣ, ಯಾವ ಬಳ್ಳಿ ಸೊರಗಿ ಸತ್ತಿತು. ಲೈನ್‌ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಆಳುಗಳ, ಮುಂಗಡದ ಲೆಕ್ಕ ಬೇರೆ ಎಲ್ಲೂ ಇರಲಿಲ್ಲ. ಸಾವಿನ ಮಾರನೇ ವಾರ ಒಬ್ಬ ಆಳು ತಾನಾಗಿ ಬಂದು, ಅಯ್ಯನಿಗೆ ನಾನು ಇಷ್ಟು ಕೊಡಬೇಕು ಅಂದ. ಡೈರಿಯಲ್ಲಿ ನೋಡಿದರೆ ಅಷ್ಟೇ ಇತ್ತು.

ಮಳೆ ಅಳೆಯುವ ಕೆಲಸ ಯಾರೂ ಹೇಳದೇ ಅಮ್ಮ ತೆಗೆದುಕೊಂಡರು. ಮಳೆಗೆ ಹಾಕುವ ಗೊರಗ ತಲೆಗೆ ಹಾಕಿಕೊಂಡು ಅಂಗಳಕ್ಕೆ ಇಳಿಯುವುದು, ಗಾಜಿನ ಜಾರು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವುದು, ಒಳಗೆ ಬಂದು ನನ್ನ ಹತ್ತಿರ ಬರೆಸುವುದು. ಪಕ್ಕದ ತೋಟದವರು ಅಪ್ಪನಿಗೆ ಫೋನ್ ಮಾಡಿ ನಿಮ್ಮಲ್ಲೆಷ್ಟು ಅಂತ ಕೇಳುತ್ತಿದ್ದರಲ್ಲ, ಅವರು ಅಮ್ಮನಿಗೆ ಮಾಡಲು ಶುರು ಮಾಡಿದರು. ನಿಮ್ಮ ಅಮ್ಮನಿಗೂ ಆ ಮನೆಯಲ್ಲಿ ಇಂಥದ್ದೇನೋ ಇರುತ್ತದೆ. ಅದು ಏನು ಅಂತ ನೋಡದೆ ಕಾರು ಹತ್ತಿಸಬೇಡಿ.

ಸೋಮವಾರಪೇಟೆಯಿಂದ

ಎಲ್ಲರೂ ಕಾಯಿರಿ ಕಾಯಿರಿ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ತಾಯಿ ಒಬ್ಬರೇ ಇದ್ದಾಗ ಬಚ್ಚಲಲ್ಲಿ ಜಾರಿ ಬಿದ್ದರು. ಮಳೆಗೆ ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ದಾರಿಗೆ ಮರ ಅಡ್ಡ ಬಿದ್ದಿತ್ತು. ಈಗ ಮೈಸೂರಿನಲ್ಲಿ ನಮ್ಮ ಜೊತೆಗಿದ್ದಾರೆ, ಆರಾಮಾಗಿದ್ದಾರೆ, ಪಕ್ಕದ ಬೀದಿಯಲ್ಲಿ ಊರಿನವರೇ ಇಬ್ಬರು ಸಿಕ್ಕಿದ್ದಾರೆ. ನಿಮ್ಮ ತಮ್ಮ ಸಂಜೆ ಮೇಲೆ ಎಚ್ಚರ ಇರುವುದಿಲ್ಲ ಅಂದರೆ ನಿಮ್ಮ ಅಮ್ಮ ರಾತ್ರಿ ಒಂಟಿ ಅಂತಲೇ ಲೆಕ್ಕ. ಅದನ್ನು ಮೊದಲು ನೋಡಿ.

ನಾಪೋಕ್ಲು ಕಡೆಯ ಒಬ್ಬ ಹಿರಿಯರು

ಮಗಳೇ, ಇಲ್ಲಿ ಬರೆದವರೆಲ್ಲ ಮಕ್ಕಳು. ನಾನು ನಿನ್ನ ಅಮ್ಮನ ಜಾಗದಲ್ಲಿ ಇರುವವಳು, ಆದ್ದರಿಂದ ಬರೆಯುತ್ತಿದ್ದೇನೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ನಮ್ಮ ಯಜಮಾನರು ಹೋದಾಗ ನನ್ನನ್ನು ಯಾರೂ ಕೇಳಲಿಲ್ಲ. ಒಬ್ಬ ಮಗ ಬಾ ಅಂದ, ಇನ್ನೊಬ್ಬ ಬೇಡ ಅಂದ, ಇಬ್ಬರೂ ನನ್ನ ಎದುರಿಗೇ ಕೂತು ನನ್ನ ವಿಷಯ ಮಾತಾಡಿದರು. ನಾನು ಕಾಫಿ ತಂದಿಟ್ಟು ಒಳಗೆ ಹೋದೆ. ಬೆಂಗಳೂರಿಗೂ ಹೋದೆ. ಮಗ, ಸೊಸೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಅಲ್ಲಿ ನಾನು ದಿನವಿಡೀ ನೆಂಟಳು. ಒಲೆ ಹಚ್ಚಲೂ ಕೇಳಬೇಕು. ಯಜಮಾನರ ವಿಷಯ ಮಾತಾಡಲು ಅಲ್ಲಿ ಅವರನ್ನು ನೋಡಿದವರೇ ಇಲ್ಲ. ಇಲ್ಲಾದರೆ ಹಾಲಿನವನೂ ಒಂದು ಕಥೆ ಹೇಳುತ್ತಾನೆ. ಪುತ್ತರಿ ಹಬ್ಬಕ್ಕೆ ಅಂತ ಬಂದವಳು ವಾಪಸ್ ಹೋಗಲಿಲ್ಲ.

ಈಗ ಲೈನ್‌ಮನೆಯ ಒಬ್ಬ ಹೆಂಗಸು ರಾತ್ರಿ ನಮ್ಮಲ್ಲೇ ಮಲಗುತ್ತಾಳೆ, ಅದಕ್ಕೆ ಬೇರೆ ಸಂಬಳ ಕೊಡುತ್ತೇವೆ, ಸುಮ್ನೆ ಮಲಗು ಅಂದಿಲ್ಲ. ಬಚ್ಚಲಿಗೆ ಹಿಡಿ ಹಾಕಿಸಿದ್ದಾರೆ. ಆನೆ ಬರುವ ದಾರಿ ನಮ್ಮದು, ಆರು ಗಂಟೆ ಮೇಲೆ ಅಂಗಳ ದಾಟುವುದಿಲ್ಲ. ಬೇಸಿಗೆಯಲ್ಲಿ ನಾನಾಗಿಯೇ ಮಗನ ಮನೆಗೆ ಹೋಗಿ ಬರುತ್ತೇನೆ, ಬೇಜಾರಾದಾಗ ವಾಪಸ್ ಬರುತ್ತೇನೆ. ಸೋಮವಾರಪೇಟೆಯವರು ಹೇಳಿದ್ದು ಸುಳ್ಳಲ್ಲ, ಅವರ ತಾಯಿಗೆ ಅದೇ ಸರಿ ಇರಬಹುದು. ನಿನ್ನ ಅಮ್ಮನನ್ನು ಒಬ್ಬಳೇ ಇರುವಾಗ ಕೇಳು. ಮೂರು ಮಕ್ಕಳೂ ಕೂತಿರುವಾಗ ಕೇಳಿದರೆ ನಿಮಗೆ ಹೇಗೆ ಅನುಕೂಲವೋ ಹಾಗೆ ಅಂತಲೇ ಹೇಳುತ್ತಾಳೆ. ನಾವು ಹಾಗೇ ಬೆಳೆದವರು.

ಮಡಿಕೇರಿಯಿಂದ, ಕಚೇರಿ ಕೆಲಸ ಗೊತ್ತಿರುವವರು

ಪಾಲು ಆಮೇಲೆ ಇರಲಿ, ಕಾಗದ ಕಾಯುವುದಿಲ್ಲ. ಸಾವಿನ ನೋಂದಣಿ 21 ದಿನದೊಳಗೆ ಮಾಡಿಸಿ, ದಾಟಿದರೆ ದಂಡ, ಅನುಮತಿ ಅಂತ ಓಡಾಟ. ಮರಣ ಪ್ರಮಾಣಪತ್ರದ ಪ್ರತಿ ಜಾಸ್ತಿಯೇ ತೆಗೆದುಕೊಳ್ಳಿ, ಬ್ಯಾಂಕಿಗೊಂದು, ಇನ್ಶೂರೆನ್ಸಿಗೊಂದು ಅಂತ ಬೇಕಾಗುತ್ತಲೇ ಇರುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ, ಪೌತಿ ಖಾತೆಗೆ ಅದು ಬೇಕೇ ಬೇಕು. ಪೌತಿ ಖಾತೆ ಅಂದರೆ ಪಾಲಲ್ಲ, ಎಲ್ಲಾ ವಾರಸುದಾರರ ಹೆಸರು ಒಟ್ಟಿಗೆ ಬರುತ್ತದೆ ಅಷ್ಟೇ. ಹಾಗಾಗಿ ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ಕೊಡಗಿನ ಹಳೆಯ ವಂಶಪಾರಂಪರ್ಯದ ಹಿಡುವಳಿ, ಜಮ್ಮಾ ಜಾಗವಾದರೆ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಮನೆತನದ ಯಜಮಾನರಾದ ಪಟ್ಟೆದಾರರ ಜೊತೆ ಒಕ್ಕದ, ಅಂದರೆ ಇಡೀ ಮನೆತನದ, ಎಷ್ಟೋ ಜನರ ಹೆಸರಿರುತ್ತದೆ. ಅದಕ್ಕೆ ಕೊಡಗಿನ ಕಂದಾಯ ಗೊತ್ತಿರುವ ವಕೀಲರೇ ಬೇಕು, ಬೆಂಗಳೂರಿನವರಿಗೆ ಅರ್ಥ ಮಾಡಿಸುವುದರೊಳಗೆ ವರ್ಷ ಆಗುತ್ತದೆ.

ಅಪ್ಪ ಮಿಲಿಟರಿಯವರು ಅಂದಿರಿ. ಪೆನ್ಶನ್ ಬರುವ ಬ್ಯಾಂಕಿಗೆ ತಕ್ಷಣ ತಿಳಿಸಿ. ಸಾವಿನ ನಂತರದ ತಿಂಗಳುಗಳ ಪೆನ್ಶನ್ ಖಾತೆಗೆ ಬಿದ್ದು ನೀವು ತೆಗೆದರೆ ಅದನ್ನು ವಾಪಸ್ ಕಟ್ಟಬೇಕಾಗುತ್ತದೆ. ಅಮ್ಮನಿಗೆ ಕುಟುಂಬ ಪೆನ್ಶನ್ ಬರುತ್ತದೆ, ಈಗ ಎಲ್ಲಾ ಮಿಲಿಟರಿ ಪೆನ್ಶನ್ನಿನ ಸ್ಪರ್ಶ್ ಪೋರ್ಟಲ್‌ನಲ್ಲಿ. ದಾಖಲೆಯಲ್ಲಿ ಅಮ್ಮನ ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಹೊಂದುತ್ತದಾ ನೋಡಿ. ಹಳೆಯ ಕಾಲದವರದ್ದು ಹೊಂದುವುದೇ ಅಪರೂಪ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಇನ್ನೊಂದು ಮಾತು ನಿಮಗೇ. ಬಾಯಿ ತೆರೆದರೆ ಆಸ್ತಿಗೆ ಅಂತಾರೆ ಅಂದಿರಲ್ಲ. ಅಪ್ಪ ಉಯಿಲು ಬರೆದಿಲ್ಲ ಅಂದರೆ, ಅವರ ಸ್ವಂತ ಆಸ್ತಿಯಲ್ಲಿ ಅಮ್ಮ, ಇಬ್ಬರು ಗಂಡುಮಕ್ಕಳು, ನೀವು, ನಾಲ್ವರೂ ಸಮಪಾಲುದಾರರು. ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು, 2005ರ ತಿದ್ದುಪಡಿ ಅದನ್ನು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅನುಮಾನ ಇಲ್ಲದ ಹಾಗೆ ಹೇಳಿದೆ. ಬೇಡ ಅಂದರೆ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ. ಆದರೆ ನೆಂಟರೆಲ್ಲ ಇದ್ದಾರೆ, ಈಗಲೇ ಒಂದು ಸಹಿ ಹಾಕಿಬಿಡು ಅಂತ ಯಾರು ಕಾಗದ ತಂದರೂ ಹಾಕಬೇಡಿ. ಮಾದದ ದಿನವೇ ಛಾಪಾ ಕಾಗದ ಹಿಡಿದು ಬಂದವರನ್ನು ನೋಡಿದ್ದೇನೆ. ಬ್ಯಾಂಕಿನಲ್ಲಿ ನಾಮಿನಿ ಯಾರು ಅನ್ನುವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ನಾಮಿನಿ ದುಡ್ಡು ತೆಗೆದುಕೊಳ್ಳಬಹುದು, ಅಷ್ಟಕ್ಕೆ ಅದು ಅವನದ್ದಾಗುವುದಿಲ್ಲ.

ಪೊನ್ನಂಪೇಟೆಯಿಂದ

ತಮ್ಮನ ವಿಷಯ ಯಾರೂ ಮುಟ್ಟಲಿಲ್ಲ. ನಮ್ಮ ಮನೆಯಲ್ಲೂ ಒಬ್ಬ ಇದ್ದಾನೆ, ಅದಕ್ಕೆ ಹೇಳುತ್ತೇನೆ.

ಅಪ್ಪನ ಜೊತೆ ಕೊನೆಯವರೆಗೂ ಇದ್ದವನು ನಿಮ್ಮ ತಮ್ಮ. ರಾತ್ರಿ ಎಬ್ಬಿಸಿ ಕೂರಿಸಿದವನು, ಆಸ್ಪತ್ರೆಗೆ ಜೀಪು ಓಡಿಸಿದವನು, ದಿನಾ ಬೆಳಿಗ್ಗೆ ಇವತ್ತು ಈ ಬ್ಲಾಕ್, ಇಷ್ಟು ಆಳು ಅಂತ ಅಪ್ಪನ ಬಾಯಿಂದ ಕೇಳಿ ಹೊರಟವನು. ಈಗ ಬೆಳಿಗ್ಗೆ ಅವನಿಗೆ ಕೆಲಸ ಹೇಳುವವರಿಲ್ಲ, ಅವನ ಮಾತು ಕೇಳುವವರೂ ಇಲ್ಲ. ಅಂಥ ಹೊತ್ತಲ್ಲಿ ಅಣ್ಣ ಬಂದು ತೋಟ ಗುತ್ತಿಗೆಗೆ ಅಂದರೆ, ನಿನ್ನಿಂದ ಆಗಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ನಿಮ್ಮ ಅಣ್ಣ ಹಾಗೆ ಅಂದಿರಲಿಕ್ಕಿಲ್ಲ, ಅವನಿಗೆ ಕೇಳಿದ್ದು ಹಾಗೇ.

ನಮ್ಮ ಕಡೆ ಕುಡಿತ ಯಾರ ಕಣ್ಣಿಗೂ ಬೀಳುವುದಿಲ್ಲ, ಮದುವೆಗೂ ಇರುತ್ತದೆ, ಹಬ್ಬಕ್ಕೂ ಇರುತ್ತದೆ. ಅದಕ್ಕೇ ತಡವಾಗಿ ಗೊತ್ತಾಗುತ್ತದೆ. ನಮ್ಮವನಿಗೆ ಬೈಯುವುದರಿಂದ ಏನೂ ಆಗಲಿಲ್ಲ. ಈ ಕೊಯ್ಲಿಗೆ ಆಳುಗಳ ಲೆಕ್ಕ, ಬ್ಯಾಂಕಿನ ಓಡಾಟ ನೀನೇ ಮಾಡು ಅಂತ ಅಣ್ಣ ಎಲ್ಲರೆದುರು ಹೇಳಿದ, ಅದರಿಂದ ಸ್ವಲ್ಪ ಆಯಿತು. ಪೂರ್ತಿ ಬಿಟ್ಟಿದ್ದಾನೆ ಅಂತ ಹೇಳಲಾರೆ. ಟೆಲಿ ಮಾನಸ್ ಅಂತ ಸರ್ಕಾರದ್ದೊಂದು ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ತಮ್ಮ ಮಾಡದಿದ್ದರೆ ನೀವೇ ಮಾಡಿ, ಮನೆಯವರಿಗೂ ಹೇಳಿಕೊಡುತ್ತಾರೆ. ಅಗ್ಗಕ್ಕೆ ಮದ್ಯ ಸಿಗುವ ಮಿಲಿಟರಿ ಕ್ಯಾಂಟೀನ್ ಕಾರ್ಡ್ ಅಪ್ಪನದ್ದು ಇದ್ದರೆ ಅಮ್ಮನ ಹೆಸರಿಗೆ ಮಾಡಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ಕಾರ್ಡ್ ಕೇಳಿಕೊಂಡು ಬರುವ ನೆಂಟರು ಎಲ್ಲಿಂದ ಹುಟ್ಟುತ್ತಾರೋ ದೇವರಿಗೇ ಗೊತ್ತು.

ಪಾಲಿನ ಮಾತಿಗೆ ಅಳಿಯ, ಸೊಸೆಯರನ್ನು ಕೂರಿಸಬೇಡಿ ಅಂತ ಹಿರಿಯರು ಹೇಳುವುದುಂಟು. ನನಗೆ ಒಪ್ಪಿಗೆ ಇಲ್ಲ. ನಮ್ಮ ಅಪ್ಪನಿಗೆ ಕೊನೆಯ ಗಂಜಿ ಕುಡಿಸಿದ್ದು ಸೊಸೆ.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ಅಮ್ಮನನ್ನು ಒಬ್ಬರೇ ಇರುವಾಗ ಕೇಳಿದೆ. ಕೊಯ್ಲು ಮುಗಿಯಲಿ, ಆಮೇಲೆ ಬೇಸಿಗೆಗೆ ಹೋಗಿ ನೋಡುತ್ತೇನೆ ಅಂದರು. ರಾತ್ರಿ ಜೊತೆಗೆ ಮಲಗಲು ಒಬ್ಬರನ್ನು ನೋಡಿದ್ದೇವೆ. ಅಣ್ಣನಿಗೆ ಇದನ್ನೆಲ್ಲ ಓದಲು ಕಳಿಸಿದೆ, ಅವನು ಇನ್ನೂ ಏನೂ ಹೇಳಿಲ್ಲ, ಆದರೆ ನಿನ್ನೆ ತಮ್ಮನಿಗೆ ಫೋನ್ ಮಾಡಿ ಕಾಯಿ ಎಷ್ಟು ಉದುರಿದೆ ಅಂತ ಕೇಳಿದನಂತೆ. ಇನ್ನೊಂದು ಕೇಳಬೇಕಿತ್ತು. ಅಪ್ಪನ ಕೋವಿ ಮನೆಯಲ್ಲೇ ಇದೆ. ಏನು ಮಾಡುವುದು?

ಮಡಿಕೇರಿಯಿಂದ, ಅದೇ ಕಚೇರಿಯವರು

ಒಳ್ಳೆಯದಾಯಿತು ಕೇಳಿದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದ್ದಾರೆ. ಅದನ್ನೇ ನಂಬಿಕೊಂಡು ಕೋವಿಯನ್ನು ಅಟ್ಟದಲ್ಲಿ ಇಟ್ಟು ಮರೆಯುವವರು ಬಹಳ. ವಿನಾಯಿತಿಯ ಕಾಗದ ಅಪ್ಪನ ಹೆಸರಲ್ಲಿ ಇದ್ದದ್ದು. ಠಾಣೆಗೆ ಬರೆದು ತಿಳಿಸಿ, ಡೆಪಾಸಿಟ್ ಮಾಡಿ, ಕೋವಿಯ ನಂಬರ್ ಇರುವ ರಸೀದಿ ತೆಗೆದುಕೊಳ್ಳಿ. ಯಾರ ಹೆಸರಿಗೆ ಅಂತ ಮೂವರೂ ಒಪ್ಪಿದ ಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ತಮ್ಮ ಕುಡಿಯುತ್ತಿರುವಾಗ ಅದು ಮನೆಯಲ್ಲಿ ಇರಲೇಬಾರದು, ನಾಳೆಯೇ ಕೊಟ್ಟು ಬನ್ನಿ. ಕೊಡುವ ಮೊದಲು ನಳಿಗೆಗೆ ಎಣ್ಣೆ ಹಾಕಿ ಒರೆಸಿ. ಈ ಮಳೆಗೆ ಠಾಣೆಯಲ್ಲಿ ಅದನ್ನು ಯಾರೂ ಒರೆಸಿ ಇಡುವುದಿಲ್ಲ.