ಅಡ್ಡ ಬೆಳೆದ ಬುದ್ಧಿಹಲ್ಲು: ನರದ ಭಯವಿರುವಾಗ ತೆಗೆಸಬಹುದೇ, ಚೇತರಿಕೆ ಹೇಗಿರುತ್ತದೆ?

ಪ್ರಶ್ನೆ: ಸಾಗರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ವಯಸ್ಸು ಮೂವತ್ತು ದಾಟಿದೆ. ಕೆಳದವಡೆಯ ಬಲಬದಿಯಲ್ಲಿರುವ ಬುದ್ಧಿಹಲ್ಲು ಪೂರ್ತಿ ಮೇಲೆ ಬಾರದೆ ಮುಂದಿನ ದವಡೆಹಲ್ಲಿನ ಕಡೆಗೆ ವಾಲಿಕೊಂಡು ನಿಂತಿದೆ. ಅದರ ಅರ್ಧ ಭಾಗವನ್ನು ವಸಡು ಇನ್ನೂ ಮುಚ್ಚಿಕೊಂಡಿದ್ದು, ಆ ಮಡಿಕೆಯ ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಾಗಲೆಲ್ಲ ವಸಡು ಬಾತು, ಕೀವು ತುಂಬಿ, ಉಗುಳು ನುಂಗುವುದೂ ಕಷ್ಟವಾಗುತ್ತದೆ. ಪ್ರತಿ ಸಲ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ, ಕೆಲವು ತಿಂಗಳು ಕಳೆದರೆ ಮತ್ತೆ ಅದೇ ಪಾಡು.

ಈ ಬಾರಿ ಇಡೀ ದವಡೆಯ ಎಕ್ಸ್‌ರೇ ತೆಗೆಸಿದಾಗ, ಹಲ್ಲಿನ ಬೇರಿನ ತುದಿಗಳು ಕೆಳದವಡೆಯೊಳಗೆ ಸಾಗುವ ನರದ ನಾಳಕ್ಕೆ ತೀರ ಹತ್ತಿರವಿವೆಯೆಂದೂ, ಹಲ್ಲು ತೆಗೆದ ಮೇಲೆ ತುಟಿ ಮತ್ತು ಗದ್ದದ ಒಂದು ಭಾಗ ಜೋಮು ಹಿಡಿದಂತೆ ಉಳಿಯುವ ಸಾಧ್ಯತೆ ಇದೆಯೆಂದೂ ವೈದ್ಯರು ತಿಳಿಸಿದರು. ದಿನವಿಡೀ ಮಾತನಾಡಿಯೇ ಬದುಕುವ ನನಗೆ ಇದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಅತ್ತೆಯವರು, ದವಡೆಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಕುಂದುತ್ತದೆ, ನೋವಿಲ್ಲದ ದಿನಗಳಲ್ಲಿ ಅದರ ತಂಟೆಗೆ ಹೋಗಬೇಡ ಎನ್ನುತ್ತಿದ್ದಾರೆ. ಈ ಹಲ್ಲನ್ನು ತೆಗೆಸಲೇಬೇಕೇ? ತೆಗೆಸಿದರೆ ಎಷ್ಟು ದಿನಗಳ ನಂತರ ತರಗತಿಯಲ್ಲಿ ನಿಂತು ಪಾಠ ಮಾಡಬಹುದು? ಅನುಭವವಿದ್ದವರು, ಸಾಧ್ಯವಾದರೆ ವೈದ್ಯರೂ, ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹುಬ್ಬಳ್ಳಿಯ ಬ್ಯಾಂಕ್ ನೌಕರ

ಮೇಡಂ, ನನಗೆ ಎಡಬದಿಯ ಹಲ್ಲು ಬಹುಮಟ್ಟಿಗೆ ನೀವು ವಿವರಿಸಿದಂತೆಯೇ ಇತ್ತು. ವೈದ್ಯಕೀಯ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಆ ಕುರ್ಚಿಯಲ್ಲಿ ಕುಳಿತವನಿಗೆ ಏನಾಗುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಚುಚ್ಚುಮದ್ದು ಕೊಟ್ಟ ಸ್ವಲ್ಪ ಹೊತ್ತಿಗೆ ಅರ್ಧ ತುಟಿ, ಅರ್ಧ ನಾಲಿಗೆ ಮರಗಟ್ಟುತ್ತವೆ. ಆಮೇಲೆ ನೋವು ತಿಳಿಯುವುದಿಲ್ಲ, ಆದರೆ ಒತ್ತಡ ತಿಳಿಯುತ್ತದೆ, ಸದ್ದೂ ತಿಳಿಯುತ್ತದೆ. ಹಲ್ಲು ಅಡ್ಡವಾಗಿರುವುದರಿಂದ ಇಡಿಯಾಗಿ ಹೊರಗೆ ಬಾರದು. ವಸಡನ್ನು ಬಿಡಿಸಿ, ಸುತ್ತಲಿನ ಎಲುಬನ್ನು ಸ್ವಲ್ಪ ಕೊರೆದು, ಹಲ್ಲನ್ನೇ ತುಂಡು ಮಾಡಿ ಒಂದೊಂದಾಗಿ ತೆಗೆಯುತ್ತಾರೆ. ಆ ಕೊರೆತದ ಸದ್ದು ಎಲುಬಿನ ಮೂಲಕ ನೇರವಾಗಿ ತಲೆಯೊಳಗೇ ಕೇಳಿಸುವುದರಿಂದ, ಮೊದಲೇ ಗೊತ್ತಿಲ್ಲದವರು ಏನೋ ಅನಾಹುತವಾಯಿತೆಂದು ಗಾಬರಿಯಾಗುತ್ತಾರೆ. ಒತ್ತಡ ಹೋಗಿ ನಿಜವಾಗಿಯೂ ಚುಚ್ಚುವಂಥ ನೋವೆನಿಸಿದರೆ ಕೈ ಎತ್ತಿ ಸೂಚಿಸಿ, ಮತ್ತಷ್ಟು ಮದ್ದು ಕೊಡುತ್ತಾರೆ. ಧೈರ್ಯಸ್ಥರಂತೆ ಸುಮ್ಮನೆ ಸಹಿಸಿಕೊಳ್ಳುವ ಅಗತ್ಯವಿಲ್ಲ.

ಮನೆಗೆ ಬಂದ ದಿನ ಅಂಥ ತೊಂದರೆಯಿರಲಿಲ್ಲ. ಮರುದಿನ ಮತ್ತು ಅದರ ಮರುದಿನ ಕೆನ್ನೆ ಊದಿಕೊಳ್ಳುತ್ತಲೇ ಹೋಯಿತು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಕನ್ನಡಿ ನೋಡಿದರೆ ಬೇಸರವಾಗುತ್ತಿತ್ತು. ಆದರೆ ಊತ ಇಳಿಯತೊಡಗಿದ ಮೇಲೆ ಬೇಗನೆ ಇಳಿಯಿತು. ಕೆನ್ನೆಯ ಮೇಲಿನ ಹಳದಿ ಬಣ್ಣ ಕುತ್ತಿಗೆಯವರೆಗೂ ಜಾರಿದ್ದನ್ನು ನೋಡಿ ಮನೆಯವರು ಹೆದರಿದರು, ಅದು ಒಳಗೆ ಸೋರಿದ ರಕ್ತದ ಗುರುತಷ್ಟೇ, ತಾನಾಗಿಯೇ ಮಾಯವಾಗುತ್ತದೆ ಎಂದರು ವೈದ್ಯರು. ಕೌಂಟರಿನಲ್ಲಿ ಕುಳಿತು ಗ್ರಾಹಕರೊಂದಿಗೆ ಮಾತನಾಡುವ ಕೆಲಸಕ್ಕೆ ಒಂದು ವಾರದ ರಜೆ ನನಗೆ ಸಾಕಾಯಿತು. ನಿಮ್ಮದು ಗಂಟಲೆತ್ತಿ ಮಾತನಾಡುವ ಕೆಲಸ, ಇನ್ನೂ ಎರಡು ದಿನ ಹೆಚ್ಚು ಇಟ್ಟುಕೊಳ್ಳಿ.

ಉತ್ತರ: ಮಂಡ್ಯದ ನಿವೃತ್ತ ಶಿಕ್ಷಕ

ತಂಗಿ, ನನಗೆ ಈಗ ಎಪ್ಪತ್ತರ ಹತ್ತಿರ. ನನ್ನ ಬುದ್ಧಿಹಲ್ಲುಗಳು ಇಂದಿಗೂ ಬಾಯಲ್ಲಿಯೇ ಇವೆ, ಯಾರೂ ತೆಗೆಯಬೇಕೆಂದು ಹೇಳಲಿಲ್ಲ. ಈಗಿನ ಕಾಲದಲ್ಲಿ ಎಕ್ಸ್‌ರೇಯಲ್ಲಿ ಏನು ಕಂಡರೂ ತೆಗೆದುಹಾಕುವ ಆತುರ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ನಿಮಗೆ ಮತ್ತೆ ಮತ್ತೆ ಕೀವಾಗುತ್ತಿರುವುದರಿಂದ ನನ್ನ ಮಾತು ನಿಮಗೆ ಅಷ್ಟಾಗಿ ಅನ್ವಯಿಸಲಾರದು.

ಆಹಾರದ ಬಗ್ಗೆ ಒಂದು ಮಾತು. ನನ್ನ ಮಗನಿಗೆ ಹಲ್ಲು ತೆಗೆಸಿದಾಗ ವಾರವಿಡೀ ಐಸ್‌ಕ್ರೀಮ್ ತಿನ್ನಿಸಬೇಕೆಂದು ಎಲ್ಲರೂ ಹೇಳಿದರು, ಎರಡೇ ದಿನಕ್ಕೆ ಅವನಿಗೆ ಅದು ಸಾಕೆನಿಸಿತು. ನಮ್ಮ ಕಡೆಯ ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆಯಾದ್ದರಿಂದ, ಮೆತ್ತಗೆ ತಿರುವಿದ ಮುದ್ದೆಯನ್ನು ಆರಿಸಿ, ಚಿಕ್ಕ ಚಿಕ್ಕ ತುತ್ತು ಮಾಡಿ, ಸೋಸಿದ ಬೇಳೆಕಟ್ಟಿನಲ್ಲಿ ಅದ್ದಿ ಕೊಟ್ಟೆವು. ಹೊಟ್ಟೆಯೂ ತುಂಬಿತು, ದವಡೆಗೂ ಕೆಲಸವಿರಲಿಲ್ಲ. ನಿಮ್ಮ ಮಲೆನಾಡಿನಲ್ಲಾದರೆ ತಂಬುಳಿ ಇದ್ದೇ ಇದೆ. ಮೆಣಸು ಬಿಟ್ಟು, ಒಗ್ಗರಣೆ ಹಾಕದೆ ಮಾಡಿ. ಒಗ್ಗರಣೆಯ ಸಾಸಿವೆ ಒಂದು ಕಾಳು ಗಾಯದ ಗುಳಿಯೊಳಗೆ ಹೊಕ್ಕರೆ ಅದನ್ನು ಹೊರತೆಗೆಯುವ ಕಷ್ಟ ಬೇಡವೇ ಬೇಡ.

ಉತ್ತರ: ಧಾರವಾಡದ ಬಾಯಿ–ದವಡೆ ಶಸ್ತ್ರಚಿಕಿತ್ಸಕ

ಮೊದಲು ಕಣ್ಣಿನ ವಿಚಾರ, ಏಕೆಂದರೆ ನನ್ನ ಬಳಿಗೆ ಬರುವ ಹಿರಿಯರಲ್ಲಿ ಬಹಳ ಮಂದಿ ಇದನ್ನೇ ಮೊದಲು ಕೇಳುತ್ತಾರೆ. ನೋಟದ ನರ ಕಣ್ಣಿನ ಹಿಂಭಾಗದಿಂದ ನೇರವಾಗಿ ಮಿದುಳಿಗೆ ಹೋಗುವ ಬೇರೆಯೇ ನರ. ಹಲ್ಲಿಗೂ ಅದಕ್ಕೂ ಯಾವ ಸಂಪರ್ಕವೂ ಇಲ್ಲ. ಹಲ್ಲುಗಳ ನೋವನ್ನೂ ಕಣ್ಣಿನ ಸುತ್ತಲಿನ ಚರ್ಮದ ಸ್ಪರ್ಶವನ್ನೂ ಒಂದೇ ದೊಡ್ಡ ನರದ ಕವಲುಗಳು ಒಯ್ಯುವುದರಿಂದ, ಹಲ್ಲುನೋವು ಕೆಲವೊಮ್ಮೆ ಕಣ್ಣಿನ ಬಳಿ ತೋರುವುದುಂಟು. ಈ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬಹುದು. ಹಲ್ಲು ತೆಗೆಸಿದ್ದರಿಂದ ದೃಷ್ಟಿ ಹೋಗುವುದಿಲ್ಲವೆಂದು ನಿಮ್ಮ ಅತ್ತೆಯವರಿಗೆ ಧೈರ್ಯವಾಗಿ ಹೇಳಿ.

ತೆಗೆಸಬೇಕೇ ಎಂಬುದಕ್ಕೆ ಬರೋಣ. ಮಂಡ್ಯದ ಹಿರಿಯರು ಹೇಳಿದ್ದರಲ್ಲಿ ಸತ್ಯವಿದೆ. ನೇರವಾಗಿ ಬಂದು, ಬ್ರಷ್ಷಿಗೆ ಸಿಗುವಂತಿದ್ದು, ತೊಂದರೆ ಕೊಡದ ಬುದ್ಧಿಹಲ್ಲನ್ನು ನಾನೂ ಮುಟ್ಟುವುದಿಲ್ಲ. ಆದರೆ ಅರ್ಧ ಹೊರಬಂದು ಅರ್ಧ ವಸಡಿನಡಿ ಉಳಿದ ಹಲ್ಲಿನ ಸುತ್ತ ಮತ್ತೆ ಮತ್ತೆ ಸೋಂಕಾಗುತ್ತಿದ್ದರೆ ಮಾತ್ರೆಗಳು ಆ ಸಲದ ಉರಿಯನ್ನಷ್ಟೇ ತಣಿಸುತ್ತವೆ, ಆಹಾರ ಸಿಕ್ಕಿಕೊಳ್ಳುವ ಜಾಗ ಹಾಗೆಯೇ ಉಳಿಯುತ್ತದೆ. ಇದಕ್ಕಿಂತ ಹೆಚ್ಚಾಗಿ ನನಗೆ ಚಿಂತೆಯಾಗುವುದು ಅದರ ಮುಂದಿನ ಹಲ್ಲಿನದು. ಅಡ್ಡ ಹಲ್ಲು ಒರಗಿದ ಕಡೆ ಕೊಳೆ ನಿಂತು, ಒಳ್ಳೆಯ ದವಡೆಹಲ್ಲಿನ ಹಿಂಬದಿ ಹುಳುಕಾಗುತ್ತದೆ, ಕಡೆಗೆ ಎರಡೂ ಹಲ್ಲುಗಳನ್ನು ಕಳೆದುಕೊಂಡವರನ್ನು ವಾರವಾರವೂ ನೋಡುತ್ತೇನೆ. ವಯಸ್ಸಾದಂತೆ ದವಡೆಯ ಎಲುಬು ಗಟ್ಟಿಯಾಗುತ್ತದೆ, ಶಸ್ತ್ರಚಿಕಿತ್ಸೆಯೂ ಚೇತರಿಕೆಯೂ ಕಠಿಣವಾಗುತ್ತವೆ. ನಿಮ್ಮ ಸ್ಥಿತಿಯಲ್ಲಿ ತೆಗೆಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನು ನರ. ಕೆಳದವಡೆಯ ಎಲುಬಿನೊಳಗೆ ಸಾಗುವ ಈ ನರ ತುಟಿ, ಗದ್ದ ಮತ್ತು ಕೆಳಹಲ್ಲುಗಳ ಸ್ಪರ್ಶವನ್ನು ಒಯ್ಯುತ್ತದೆ, ತುಟಿಯನ್ನು ಅಲುಗಿಸುವ ನರ ಬೇರೆ. ಆದ್ದರಿಂದ ಅದಕ್ಕೆ ಪೆಟ್ಟಾದರೂ ಬಾಯಿ ಸೊಟ್ಟಗಾಗುವುದಿಲ್ಲ, ಮಾತು ನಿಲ್ಲುವುದಿಲ್ಲ. ದಂತವೈದ್ಯರು ಚುಚ್ಚುಮದ್ದು ಕೊಟ್ಟಾಗ ತುಟಿ ಹೇಗಿರುತ್ತದೆಯೋ ಹಾಗೆ ಒಂದು ಭಾಗ ಉಳಿಯುತ್ತದೆ. ಹೆಚ್ಚಿನವರಲ್ಲಿ ಈ ಜೋಮು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮರಳಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಒಟ್ಟಾರೆ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ, ಆದರೆ ಬೇರು ನರಕ್ಕೆ ತಾಗಿಕೊಂಡಿದ್ದರೆ ಅಪಾಯ ಅದಕ್ಕಿಂತ ಹೆಚ್ಚು. ನಾಲಿಗೆಯ ಕಡೆಯ ಇನ್ನೊಂದು ನರಕ್ಕೆ ತೊಂದರೆಯಾದರೆ ಅರ್ಧ ನಾಲಿಗೆಯ ಸ್ಪರ್ಶ ಮತ್ತು ರುಚಿ ಕುಂದಬಹುದು, ಅದನ್ನೂ ನಿಮ್ಮ ವೈದ್ಯರ ಬಳಿ ಕೇಳಿ.

ಸಾಧಾರಣ ಎಕ್ಸ್‌ರೇ ಚಪ್ಪಟೆಯಾದ ಚಿತ್ರ. ಬೇರು ಮತ್ತು ನರ ಒಂದರ ಮೇಲೊಂದು ಬಿದ್ದಂತೆ ಕಂಡರೂ ನಿಜದಲ್ಲಿ ಅವು ಹಿಂದುಮುಂದಾಗಿ ಇರಬಹುದು. ಸಂದೇಹವಿದ್ದಾಗ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದರೆ ನರ ಯಾವ ಬದಿಯಲ್ಲಿದೆ, ನಡುವೆ ಎಲುಬಿನ ಪದರ ಇದೆಯೇ ಇಲ್ಲವೇ ಎಂಬುದು ಸ್ಪಷ್ಟವಾಗುತ್ತದೆ. ತೀರ ತಾಗಿಕೊಂಡಿದ್ದರೆ ಹಲ್ಲಿನ ಮೇಲ್ಭಾಗವನ್ನು ಮಾತ್ರ ಕತ್ತರಿಸಿ ತೆಗೆದು ಬೇರನ್ನು ಎಲುಬಿನಲ್ಲೇ ಬಿಡುವ ವಿಧಾನವೂ ಇದೆ. ಇದಕ್ಕೆ ಕರೊನೆಕ್ಟಮಿ ಎನ್ನುತ್ತಾರೆ. ಹುಳುಕು ಆಳಕ್ಕಿಳಿದಿದ್ದರೆ, ಬೇರಿಗೇ ಸೋಂಕಿದ್ದರೆ ಅಥವಾ ಹಲ್ಲು ಅಲುಗುತ್ತಿದ್ದರೆ ಇದು ಸಲ್ಲದು.

ನಮ್ಮ ಕಡೆಯವರಿಗೆ ಒಂದು ಮಾತನ್ನು ಸೇರಿಸಲೇಬೇಕು. ಕವಳ ಅಥವಾ ಗುಟ್ಕಾ ಹಾಕುವವರಲ್ಲಿ ಅಡಿಕೆಯಿಂದಾಗಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಅಂಥವರ ಬುದ್ಧಿಹಲ್ಲಿಗೆ ನಮ್ಮ ಉಪಕರಣ ತಲುಪುವುದೇ ಪ್ರಯಾಸ. ನಿಮಗಾಗಲಿ ಮನೆಯವರಿಗಾಗಲಿ ಆ ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಎಲುಬು ಸವೆತಕ್ಕೆ ತೆಗೆದುಕೊಳ್ಳುವ ಔಷಧಿ ಇವನ್ನೂ ಹೇಳಲೇಬೇಕು, ಆದರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬಾರದು.

ತೆಗೆಸಿದ ಮೇಲಿನ ಆರೈಕೆಯ ಉದ್ದೇಶ ಒಂದೇ: ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಅಲ್ಲಿಯೇ ಉಳಿಸಿಕೊಳ್ಳುವುದು. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು, ಬೀಡಿ–ಸಿಗರೇಟು ಕೂಡದು. ಬಿಸಿ ಪದಾರ್ಥ ಬೇಡ. ಹತ್ತಿಯ ತುಂಡನ್ನು ಸುಮಾರು ಒಂದು ಗಂಟೆ ಗಟ್ಟಿಯಾಗಿ ಕಚ್ಚಿಹಿಡಿಯಿರಿ. ತೆಗೆದ ಮೇಲೂ ಉಗುಳು ಕೆಂಪಾಗಿರುತ್ತದೆ, ಅದಕ್ಕೆ ಹೆದರಬೇಡಿ, ನುಂಗಿಬಿಡಿ. ಆ ದಿನ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ರಭಸವಾಗಿ ಮುಕ್ಕಳಿಸದೆ, ಬಾಯಿಯಲ್ಲಿ ತುಂಬಿಕೊಂಡು ತಲೆ ವಾಲಿಸಿ ಹೊರಬಿಡಿ. ನೋವಿಗೆ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎರಡನ್ನೂ ಸೇರಿಸಿ ಕೊಡುವುದು ಒಳ್ಳೆಯ ಫಲ ನೀಡುತ್ತದೆ. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಎರಡನೆಯದನ್ನು ಕೇಳದೆ ನುಂಗಬಾರದು. ಚುಚ್ಚುಮದ್ದಿನ ಪ್ರಭಾವ ಇಳಿಯುವ ಮೊದಲೇ ಮೊದಲ ಮಾತ್ರೆ ತೆಗೆದುಕೊಳ್ಳುವುದು ಜಾಣತನ.

ಉತ್ತರ: ಲೀಡ್ಸ್‌ನಲ್ಲಿರುವ ಕನ್ನಡಿಗ

ಇಂಗ್ಲೆಂಡಿನಲ್ಲಿ ಯಾವ ಚಿಕಿತ್ಸೆ ಯಾರಿಗೆ ಸೂಕ್ತವೆಂದು ಸಲಹೆ ನೀಡುವ ನೈಸ್ (NICE) ಸಂಸ್ಥೆಯು 2000ದ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ತೆಗೆಯುವುದನ್ನು ಸರ್ಕಾರಿ ವ್ಯವಸ್ಥೆಯಲ್ಲಿ ನಿಲ್ಲಿಸಲಾಯಿತು. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ನಾಲ್ಕನ್ನೂ ಒಟ್ಟಿಗೆ, ಮಂಪರು ಬರಿಸಿ, ತೊಂದರೆ ಶುರುವಾಗುವ ಮೊದಲೇ ತೆಗೆದರು. ಆದರೆ ಇಲ್ಲಿಯೂ ಮುಂದಿನ ದವಡೆಹಲ್ಲು ಹುಳುಕಾಗಿ ತಡವಾಗಿ ಬರುವವರು ಹೆಚ್ಚಿದ್ದಾರೆಂದು ದಂತವೈದ್ಯರು ಆ ಸೂಚಿಯನ್ನು ಟೀಕಿಸುತ್ತಲೇ ಬಂದಿದ್ದಾರೆ. ನಿಮ್ಮಂತೆ ಪದೇ ಪದೇ ಸೋಂಕಾಗುವವರಿಗಂತೂ ಇಲ್ಲಿಯೂ ತೆಗೆಯುತ್ತಾರೆ.

ಪ್ರಶ್ನೆ ಕೇಳಿದವರಿಂದ: ಸಾಗರದ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಸ್ಕ್ಯಾನ್ ಮಾಡಿಸಿದಾಗ ಬೇರಿಗೂ ನರಕ್ಕೂ ನಡುವೆ ತೆಳುವಾದ ಎಲುಬಿನ ಪದರ ಇರುವುದು ಕಂಡುಬಂತು. ಹಾಗಾಗಿ ಹಲ್ಲನ್ನು ಪೂರ್ತಿಯಾಗಿ ತೆಗೆದರು. ತುಟಿಯ ಸ್ಪರ್ಶ ಸರಿಯಾಗಿಯೇ ಇದೆ, ಗದ್ದದ ಒಂದು ಕಡೆ ಇರುವೆ ಹರಿದಂತೆ ಆಗುವುದಷ್ಟೇ ಉಳಿದಿದೆ. ಮೊದಲೆರಡು ದಿನ ಹುಬ್ಬಳ್ಳಿಯವರು ಬರೆದಂತೆಯೇ ಕಳೆದವು. ಊತವೂ ಇಳಿಯತೊಡಗಿತ್ತು. ಆದರೆ ನಾಲ್ಕನೆಯ ದಿನವಾದ ಇಂದು, ಕಡಿಮೆಯಾಗುತ್ತಿದ್ದ ನೋವು ಏಕಾಏಕಿ ಹೆಚ್ಚಾಗಿ ಕಿವಿ ಮತ್ತು ಕಪೋಲದವರೆಗೂ ಸೆಳೆಯುತ್ತಿದೆ. ಮಾತ್ರೆಗೂ ಬಗ್ಗುತ್ತಿಲ್ಲ. ಬಾಯಿಯಲ್ಲಿ ಕೆಟ್ಟ ವಾಸನೆಯಿದೆ, ಜ್ವರವಿಲ್ಲ. ಹೇಳಿದ ಪಥ್ಯವನ್ನೆಲ್ಲ ಪಾಲಿಸಿದ್ದೇನೆ. ಅತ್ತೆಯವರು ಗುಳಿಗೆ ಲವಂಗದ ಎಣ್ಣೆ ಬಿಡು ಎನ್ನುತ್ತಿದ್ದಾರೆ. ಬಿಡಬಹುದೇ? ನಾಳೆ ಭಾನುವಾರವಾದ್ದರಿಂದ ಸೋಮವಾರದವರೆಗೆ ಕಾಯಲೇ?

ಉತ್ತರ: ಧಾರವಾಡದ ಬಾಯಿ–ದವಡೆ ಶಸ್ತ್ರಚಿಕಿತ್ಸಕ

ನೀವು ವಿವರಿಸಿದ್ದು ಬಹುತೇಕ ಡ್ರೈ ಸಾಕೆಟ್ ಎನ್ನುವ ಸ್ಥಿತಿ. ಗುಳಿಯ ರಕ್ತದ ಹೆಪ್ಪು ಕರಗಿ ಅಥವಾ ಕಳಚಿ, ಎಲುಬು ಬಾಯಿಗೆ ತೆರೆದುಕೊಳ್ಳುತ್ತದೆ. ಹಲ್ಲು ತೆಗೆಸಿದ ಎರಡರಿಂದ ನಾಲ್ಕನೆಯ ದಿನದೊಳಗೆ, ಇಳಿಯುತ್ತಿದ್ದ ನೋವು ಮತ್ತೆ ಏರಿ ಕಿವಿಗೆ ಸೆಳೆಯುವುದೇ ಅದರ ಗುರುತು. ಕೆಳದವಡೆಯ ಬುದ್ಧಿಹಲ್ಲಿನಲ್ಲಿ ಇದು ಉಳಿದ ಹಲ್ಲುಗಳಿಗಿಂತ ಹೆಚ್ಚು. ಧೂಮಪಾನ ಮಾಡುವವರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮಹಿಳೆಯರಲ್ಲಿ ಇನ್ನಷ್ಟು ಹೆಚ್ಚು. ಎಲ್ಲ ಪಥ್ಯ ಮಾಡಿದವರಿಗೂ ಬರುತ್ತದೆ, ಆದ್ದರಿಂದ ಯಾರನ್ನೂ ದೂರಬೇಕಾಗಿಲ್ಲ.

ಸೋಮವಾರದವರೆಗೆ ನರಳುವುದು ಬೇಡ. ಇಂದೇ ನಿಮ್ಮ ವೈದ್ಯರಿಗೆ ಕರೆ ಮಾಡಿ. ಗುಳಿಯನ್ನು ಸಲೈನ್‌ನಿಂದ ತೊಳೆದು ಔಷಧಿಯ ಡ್ರೆಸ್ಸಿಂಗ್ ತುಂಬಿದರೆ ಸಾಮಾನ್ಯವಾಗಿ ಅದೇ ದಿನ ಆರಾಮವೆನಿಸುತ್ತದೆ, ಅಗತ್ಯವಿದ್ದರೆ ಒಂದೆರಡು ದಿನಕ್ಕೊಮ್ಮೆ ಬದಲಿಸುತ್ತಾರೆ. ನಿಮ್ಮ ಅತ್ತೆಯವರ ಸಲಹೆ ಬುಡವಿಲ್ಲದ್ದಲ್ಲ, ಆ ಡ್ರೆಸ್ಸಿಂಗಿನಲ್ಲಿ ಇರುವುದೂ ಹೆಚ್ಚಾಗಿ ಲವಂಗದ ಎಣ್ಣೆಯ ಸಾರವಾದ ಯೂಜಿನಾಲೇ. ಆದರೆ ಅಂಗಡಿಯ ಎಣ್ಣೆಯನ್ನು ಹಸಿಗಾಯಕ್ಕೆ ನೇರವಾಗಿ ಸುರಿದರೆ ವಸಡು ಸುಡುತ್ತದೆ, ಬೇಡ. ಹೊಗೆಸೊಪ್ಪು, ಸುಣ್ಣ ಇಂಥವನ್ನೂ ಹತ್ತಿರ ತರಬೇಡಿ. ಇದು ಸೋಂಕಲ್ಲವಾದ್ದರಿಂದ ಉಳಿದಿರುವ ಆಂಟಿಬಯಾಟಿಕ್ಕನ್ನು ನೀವಾಗಿಯೇ ಶುರುಮಾಡುವುದರಿಂದ ಪ್ರಯೋಜನವಿಲ್ಲ. ಗದ್ದದಲ್ಲಿ ಇರುವೆ ಹರಿದಂತಾಗುವುದು ನರ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಅದನ್ನೂ ವೈದ್ಯರ ಗಮನಕ್ಕೆ ತಂದು ಬರೆಯಿಸಿಡಿ.

ಆದರೆ ಜ್ವರ ಬಂದರೆ, ನಾಲಿಗೆಯ ಅಡಿಭಾಗ ಅಥವಾ ಗದ್ದದ ಕೆಳಗೆ ಗಟ್ಟಿಯಾಗಿ ಊದಿಕೊಂಡರೆ, ನುಂಗಲು ಅಥವಾ ಉಸಿರಾಡಲು ತೊಂದರೆಯೆನಿಸಿದರೆ ಅದು ಬೇರೆಯೇ ವಿಚಾರ. ಆಗ ದಂತ ಚಿಕಿತ್ಸಾಲಯ ತೆರೆಯುವವರೆಗೆ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಪ್ರಶ್ನೆ ಕೇಳಿದವರಿಂದ: ಸಾಗರದ ಉಪನ್ಯಾಸಕಿ

ಸಂಜೆಯೇ ಹೋಗಿ ಡ್ರೆಸ್ಸಿಂಗ್ ಹಾಕಿಸಿಕೊಂಡೆ. ನೀವು ಹೇಳಿದ್ದೇ ಕಾರಣವೆಂದರು. ಅರ್ಧ ಗಂಟೆಯಲ್ಲಿ ಕಿವಿಯ ಸೆಳೆತ ನಿಂತಿತು. ಮಂಗಳವಾರ ಮತ್ತೊಮ್ಮೆ ಬದಲಿಸಿ, ಹೊಲಿಗೆಯನ್ನು ವಾರ ತುಂಬಿದ ಮೇಲೆ ಬಿಚ್ಚುತ್ತಾರಂತೆ. ಎರಡನೆಯ ವಾರ ಕಳೆಯುವವರೆಗೆ ಪಾಠ ಬೇಡ, ಬೇಕಿದ್ದರೆ ಪರೀಕ್ಷಾ ಮೇಲ್ವಿಚಾರಣೆ ಮಾಡಿ ಎಂದಿದ್ದಾರೆ. ಪ್ರಾಂಶುಪಾಲರು ಒಪ್ಪಿದ್ದಾರೆ.